ಸಂಕಲ್ಪವಿಲ್ಲದ ಆಯುಷ್ಯ

ಹುಟ್ಟಿದುದೆಲ್ಲವೂ ಒಂದು ದಿನ ಅಳಿಯತಕ್ಕದ್ದೆಂಬುದನ್ನು ನಮ್ಮ ಜನಕ್ಕೆ ಹೊಸದಾಗಿ ಬೋಧಿಸಬೇಕಾಗಿಲ್ಲ. ನಚಿಕೇತನು ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದು ಕೇಳಿದ ಪ್ರಶ್ನೆಯಿಂದ ಮೊದಲ್ಗೊಂಡು, ಅಂಕೋಲೆಯ ಪೇಟೆಯಲ್ಲಿ ಹಿರಿಯರು ಹರಟೆಯ ನಡುವೆ ನಿರ್ವಿಕಾರವಾಗಿ ಆಡಿಬಿಡುವ 'ಬಂದವ ಹೋಗೂದೇ ಅಲ್ವೊ' ಎಂಬ ಮಾತಿನವರೆಗೆ, ಮರಣವನ್ನು ಕುರಿತ ವಿಚಾರ ನಮ್ಮಲ್ಲಿ ಹೇರಳವಾಗಿದೆ. ಆದರೆ ಬಾಳಿಗೂ ಸಾವಿಗೂ ನಡುವೆ ಮತ್ತೊಂದು ಸ್ಥಿತಿಯುಂಟು. ಅವಧಿ ಮುಗಿದುದು ಎಲ್ಲರಿಗೂ ವಿದಿತವಾಗಿದ್ದರೂ, ಕೆಲಸ ಹೇಗೋ ನಡೆಯುತ್ತಿದೆಯೆಂಬ ಒಂದೇ ಕಾರಣದಿಂದ ಉಳಿಸಿಕೊಂಡಿರುವ ವಸ್ತುವಿನ ಸ್ಥಿತಿ ಅದು. ಅಂಥ ವಸ್ತುವಿಗೆ ಆಯುಷ್ಯವನ್ನು ವಿಸ್ತರಿಸಿಕೊಡುವ ಅಧಿಕಾರ ಯಾರದು, ಕೊಡುವುದು ಧರ್ಮವೋ ಅಧರ್ಮವೋ, ಕೊಟ್ಟ ಮೇಲೆ ಅದರ ಹೊಣೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿದಂತೆ ಕಾಣುವುದಿಲ್ಲ.

ಕಾರವಾರದ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ ಕಾಳಿ ನದಿಯನ್ನು ದಾಟಿಸುತ್ತಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ, ಕುಸಿದು ನೀರಿಗೆ ಬಿತ್ತು. ಅದಕ್ಕೆ ಆಗ ಸುಮಾರು 40 ವರ್ಷ ವಯಸ್ಸು. ಆ ಗಳಿಗೆಯಲ್ಲಿ ಅದರ ಮೇಲಿದ್ದ ಲಾರಿಯೊಂದು ನದಿಯ ಪಾಲಾಯಿತು. ಚಾಲಕನನ್ನು ಪೊಲೀಸರೂ ಅಲ್ಲಿಯ ಮೀನುಗಾರರೂ ಸೇರಿ ಬದುಕಿಸಿದರು. ಗಮನಾರ್ಹವಾದ ಸಂಗತಿಯೆಂದರೆ, ಅದರ ಮಗ್ಗುಲಲ್ಲಿಯೇ ಚತುಷ್ಪಥ ಹೆದ್ದಾರಿಯ ಹೊಸ ಸೇತುವೆ ಅದಾಗಲೇ ಎದ್ದು ನಿಂತಿತ್ತು. ಹೋಗುವ ವಾಹನಗಳಿಗೆ ಒಂದು, ಗೋವೆಯ ಕಡೆಯಿಂದ ಬರುವ ವಾಹನಗಳಿಗೆ ಇನ್ನೊಂದು ಎಂಬಂತೆ ಹೊಸದೂ ಹಳೆಯದೂ ಭಾರವನ್ನು ಹಂಚಿಕೊಂಡಿದ್ದವು. ಕುಸಿತದ ಕಾರಣಮೀಮಾಂಸೆ ಎಂಜಿನಿಯರರಿಗೆ ಸೇರಿದ್ದು. ಅದರಲ್ಲಿ ನನ್ನಂಥವನು ಕೈಹಾಕತಕ್ಕದ್ದಲ್ಲ. ಆದರೆ ಆ ಸೇತುವೆಯ ಮೇಲೆ ದಿನನಿತ್ಯ ಹಾದುಹೋಗುತ್ತಿದ್ದ ನಮ್ಮ ಮನಸ್ಸಿನ ಮೀಮಾಂಸೆಯನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ನಿನ್ನೆ ಹೊತ್ತಿತು, ಆದುದರಿಂದ ಇಂದೂ ಹೊರುತ್ತದೆ: ಇಷ್ಟೇ ನಮ್ಮ ತರ್ಕವಾಗಿತ್ತು. ನೈಯಾಯಿಕರ ಮುಂದೆ ಇದನ್ನಿಟ್ಟರೆ, ವ್ಯಾಪ್ತಿಯೇ ಇಲ್ಲದ ಅನುಮಾನವೆಂದು ಮೊದಲ ಮಾತಿಗೇ ತಳ್ಳಿಹಾಕುತ್ತಿದ್ದರು. ಆದರೂ ಲೋಕದ ಬಹುಭಾಗ ನಡೆಯುತ್ತಿರುವುದು ಈ ಹೇತ್ವಾಭಾಸದ ಬಲದಿಂದಲೇ.

ಅವಧಿ ಮುಗಿದುದಕ್ಕೆ ಆಯುಷ್ಯ ಕೊಡುವ ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ರೂಪ ದೊರೆತಿರುವುದು, ವೇದಾಂತದ ಗ್ರಂಥಗಳಲ್ಲಿಯೂ ಅಲ್ಲ, ಲೋಕೋಪಯೋಗಿ ಇಲಾಖೆಯ ಕಡತಗಳಲ್ಲಿಯೂ ಅಲ್ಲ, ಕಂಪ್ಯೂಟರಿನ ವ್ಯವಹಾರದಲ್ಲಿ ಎಂದರೆ ವಾಚಕರಿಗೆ ವಿಚಿತ್ರವಾಗಿ ಕಂಡೀತು. ನಮ್ಮ ನೆರೆಮನೆಯ ತರುಣನೊಬ್ಬ ಬೆಂಗಳೂರಿನ ಉದ್ಯೋಗವನ್ನು ಅಂಕೋಲೆಯಲ್ಲಿ ಕುಳಿತೇ ಮಾಡುತ್ತಾನೆ. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಮೊಬೈಲನ್ನು ಕಿಟಕಿಯ ಸರಳಿಗೆ ಆನಿಸಿಟ್ಟು ಅದರ ಇಂಟರ್ನೆಟ್ಟಿನಲ್ಲಿ ಕೆಲಸ ಮುಂದುವರಿಸುತ್ತಾನೆ. ಅವನ ವೃತ್ತಿ ಕ್ಲೌಡಿನಲ್ಲಿ ಡೇಟಾಬೇಸ್ ಕ್ಲಸ್ಟರುಗಳನ್ನು ಸ್ಥಾಪಿಸುವುದು. ಕ್ಲೌಡೆಂದು ಹೆಸರಿದ್ದರೂ ಅದರ ಮನೆ ಭೂಮಿಯ ಮೇಲೆಯೇ. ಅಮೆಜಾನ್ ಕಂಪನಿ 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತನ್ನ ಯಂತ್ರಾಲಯಗಳ ಸಮೂಹಗಳನ್ನು ತೆರೆಯಿತು. ಅದರ ಅರೋರಾ ಎಂಬ ಡೇಟಾಬೇಸ್ ಪದ್ಧತಿಯಲ್ಲಿ ಒಂದು ಕ್ಲಸ್ಟರೆಂದರೆ, ಬರೆಯತಕ್ಕ ಯಂತ್ರ ಒಂದು, ಕೇವಲ ಓದತಕ್ಕ ಯಂತ್ರಗಳು ಬೇಕಾದಷ್ಟು, ಹೆಚ್ಚೆಂದರೆ 15. ಇವೆಲ್ಲಕ್ಕೂ ಆಧಾರವಾಗಿರುವ ದತ್ತಾಂಶವಾದರೋ ಪ್ರತ್ಯೇಕವಾಗಿ, ಮೂರು ಬೇರೆಬೇರೆ ತಾಣಗಳಲ್ಲಿ ಆರು ಪ್ರತಿಗಳಾಗಿ ನೆಲೆಸಿರುತ್ತದೆ. ಯಂತ್ರವೊಂದು ಕೆಟ್ಟರೆ ಇನ್ನೊಂದು ಅದರ ಸ್ಥಾನಕ್ಕೆ ಬರುತ್ತದೆ, ದತ್ತಾಂಶಕ್ಕೆ ಲೋಪವಿಲ್ಲ. ದೇಹ ಬೇರೆ, ದೇಹಿ ಬೇರೆ ಎಂಬ ಉಪದೇಶವನ್ನು ಕೇಳುತ್ತ ಬೆಳೆದ ನಮಗೆ ಈ ರಚನೆ ಅಪರಿಚಿತವೆನಿಸದು. ಆದರೆ ಈ ಹೋಲಿಕೆಯಲ್ಲಿ ಮೈಮರೆಯಬಾರದು. ಏಕೆಂದರೆ ಇಲ್ಲಿ ಜೀರ್ಣವಾಗುವುದು ಯಂತ್ರವೊಂದೇ ಅಲ್ಲ, ಆ ದತ್ತಾಂಶವನ್ನು ಅರ್ಥಮಾಡಿಕೊಳ್ಳುವ ಕ್ರಮವೂ ಜೀರ್ಣವಾಗುತ್ತದೆ. ಆ ಕ್ರಮಕ್ಕೆ ಆವೃತ್ತಿಯೆಂದು ಹೆಸರು.

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ 5.7ನೆಯ ಆವೃತ್ತಿ 2015ರ ಅಕ್ಟೋಬರಿನಲ್ಲಿ ಬಳಕೆಗೆ ಬಂತು. 2023ರ ಅಕ್ಟೋಬರಿನಲ್ಲಿ ಅದರ ನಿರ್ಮಾತೃಗಳು ಅದನ್ನು ಕೈಬಿಟ್ಟರು. ಅರೋರಾದಲ್ಲಿ ಅದಕ್ಕೆ ಸಮಾನವಾದ ಆವೃತ್ತಿಯ ಸಾಮಾನ್ಯ ಪೋಷಣೆ 2024ರ ಅಕ್ಟೋಬರ್ 31ಕ್ಕೆ ಮುಗಿಯಿತು. ಮುಗಿದ ಮೇಲೂ ಅದನ್ನೇ ನಂಬಿಕೊಂಡವರ ಸಲುವಾಗಿ ಕಂಪನಿ ಎಕ್ಸ್‌ಟೆಂಡೆಡ್ ಸಪೋರ್ಟ್ ಎಂಬುದೊಂದು ವ್ಯವಸ್ಥೆಯನ್ನು ಮಾಡಿದೆ. ಹಳೆಯ ಆವೃತ್ತಿಗೆ ಹೊಸ ಶಕ್ತಿಗಳೇನೂ ಬರುವುದಿಲ್ಲ. ಭದ್ರತೆಗೆ ಸಂಬಂಧಿಸಿದ ಘೋರವಾದ ಬಿರುಕುಗಳನ್ನೂ ಗಂಭೀರವಾದ ದೋಷಗಳನ್ನೂ ಮಾತ್ರ ಸರಿಪಡಿಸಿಕೊಡುತ್ತಾರೆ. ಇದಕ್ಕೆ ಶುಲ್ಕವುಂಟು. ಅಮೆರಿಕೆಯ ಪೂರ್ವವಿಭಾಗದ ದರದಂತೆ, ಯಂತ್ರದ ಗಣನಶಕ್ತಿಯನ್ನು ಅಳೆಯುವ ಪ್ರತಿಯೊಂದು ವಿ-ಸಿಪಿಯುವಿಗೆ ಗಂಟೆಗೆ ಮೊದಲ ಎರಡು ವರ್ಷ 10 ಸೆಂಟು, ಮೂರನೆಯ ವರ್ಷ 20 ಸೆಂಟು. ತಲಾ ಎರಡು ವಿ-ಸಿಪಿಯುಗಳ ಎರಡು ಯಂತ್ರಗಳುಳ್ಳ ಚಿಕ್ಕದೊಂದು ಕ್ಲಸ್ಟರಿಗೆ ಲೆಕ್ಕಹಾಕಿದರೆ, ಮಾಮೂಲು ಬಾಡಿಗೆಯನ್ನು ಬಿಟ್ಟು, ಕೇವಲ ವೃದ್ಧಾಪ್ಯದ ದೆಸೆಯಿಂದ ವರ್ಷಕ್ಕೆ 3,504 ಡಾಲರು. ಮೂರನೆಯ ವರ್ಷ ಅದರ ಇಮ್ಮಡಿ. ಆಯುಷ್ಯಕ್ಕೆ ಗಂಟೆಯ ಲೆಕ್ಕದಲ್ಲಿ ಬೆಲೆ ಕಟ್ಟಿದುದನ್ನು ಕಂಡು ಭಾವುಕರು ಮುಖ ಸಿಂಡರಿಸಬಹುದು. ನನಗಾದರೋ ಇದರಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಕಂಡಿತು. ಸೇತುವೆಯ ವೃದ್ಧಾಪ್ಯಕ್ಕೆ ಯಾರೂ ನಮಗೆ ಬಿಲ್ಲು ಕಳಿಸಿರಲಿಲ್ಲ. ಕಳಿಸಿದ್ದರೆ ನಾವು ಅದನ್ನು ನೆನೆಯುತ್ತಿದ್ದೆವು.

ಹೊಸದಾಗಿ ಕ್ಲಸ್ಟರ್ ಸ್ಥಾಪಿಸುವಾಗ ತುಂಬತಕ್ಕ ನಮೂನೆಯನ್ನು ಆ ತರುಣ ಒಂದು ಸಂಜೆ ನನ್ನೆದುರಿಗೆ ತೆರೆದಿಟ್ಟ. ಯಾವ ಪ್ರದೇಶದಲ್ಲಿ, ಯಾವ ಎಂಜಿನ್ನು, ಯಾವ ಆವೃತ್ತಿ, ಕ್ಲಸ್ಟರಿನ ನಾಮಧೇಯವೇನು, ಯಂತ್ರಗಳೆಷ್ಟು, ಬ್ಯಾಕಪ್ಪನ್ನು 1ರಿಂದ 35ರ ವರೆಗೆ ಎಷ್ಟು ದಿನ ಕಾದಿಡಬೇಕು, ದುರಸ್ತಿಗೆ ವಾರದಲ್ಲಿ ಯಾವ ದಿನದ ಯಾವ ವೇಳೆ. ನೋಡುತ್ತ ನೋಡುತ್ತ, ಇದು ನಮ್ಮ ಮನೆಗಳಲ್ಲಿ ಪೂಜೆಗೆ ಮೊದಲು ಮಾಡುವ ಸಂಕಲ್ಪವಲ್ಲವೆ ಎನಿಸಿತು. ಸಂಕಲ್ಪದಲ್ಲಿಯೂ ಹೀಗೆಯೇ, ಜಂಬೂದ್ವೀಪದಿಂದ ಹಿಡಿದು ಗೋದಾವರಿಯ ದಕ್ಷಿಣ ತೀರದ ವರೆಗೆ, ಗೋಕರ್ಣಮಂಡಲದ ವರೆಗೆ ದೇಶವನ್ನು ಹೇಳಿಕೊಂಡು, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳಿಂದ ಕಾಲವನ್ನು ಹೇಳಿಕೊಂಡು, ಗೋತ್ರನಾಮಗಳಿಂದ ಕರ್ತೃವನ್ನು ಹೇಳಿಕೊಂಡು, ಯಾವ ಉದ್ದೇಶಕ್ಕಾಗಿ ಏನನ್ನು ಮಾಡುತ್ತೇನೆಂಬುದನ್ನು ಉಚ್ಚರಿಸಿ, ಕೈಯ ನೀರನ್ನು ಬಿಟ್ಟ ಮೇಲೆಯೇ ಕರ್ಮಕ್ಕೆ ಕರ್ತೃವಿನ ಸಂಬಂಧ ಏರ್ಪಡುವುದು. ದೇವರಿಗೆ ನಮ್ಮ ವಿಳಾಸ ತಿಳಿಯದೆಂದು ಇದನ್ನು ಹೇಳುವುದಲ್ಲ. ಮಾಡುವವನು ತಾನು ಎಲ್ಲಿ ನಿಂತಿದ್ದೇನೆ, ಏನನ್ನು ಹೊತ್ತುಕೊಳ್ಳುತ್ತಿದ್ದೇನೆಂಬುದನ್ನು ತನ್ನ ಬಾಯಿಂದ ತಾನೇ ಕೇಳಿಸಿಕೊಳ್ಳಲೆಂದು ಹೇಳುವುದು. ಸಂಕಲ್ಪದ ಇನ್ನೊಂದು ತುದಿ ಉದ್ಯಾಪನೆ. ಹಿಡಿದ ವ್ರತವನ್ನು ಇಷ್ಟು ವರ್ಷಕ್ಕೆ ಬಿಡಬೇಕು, ಬಿಡುವಾಗ ಹೀಗೆ ಬಿಡಬೇಕು ಎಂಬ ವಿಧಿಯಿದೆ. ಅನಂತನ ವ್ರತಕ್ಕೂ 14 ವರ್ಷಕ್ಕೆ ಉದ್ಯಾಪನೆಯುಂಟೆಂಬುದನ್ನು ನೆನೆದರೆ, ಅಂತವಿಲ್ಲದವನ ಹೆಸರಿನಲ್ಲಿ ಹಿಡಿದುದಕ್ಕೂ ಅಂತವನ್ನು ಗೊತ್ತುಮಾಡಿದ ಪೂರ್ವಿಕರ ವಿವೇಕಕ್ಕೆ ನಗುವೂ ಗೌರವವೂ ಒಟ್ಟಿಗೆ ಬರುತ್ತವೆ.

ಕ್ಲಸ್ಟರಿನ ನಮೂನೆಯಲ್ಲಿ ಈ ಇನ್ನೊಂದು ತುದಿಗೆ ಸ್ಥಳವಿಲ್ಲ. ಇದನ್ನು ಎಂದು ನಿಲ್ಲಿಸುವಿರಿ, ಅಂದು ನಿಲ್ಲಿಸತಕ್ಕವರಾರು ಎಂದು ಅದು ಕೇಳುವುದಿಲ್ಲ. ಆವೃತ್ತಿಯ ಅವಧಿ ಮುಗಿದರೆ ಎಕ್ಸ್‌ಟೆಂಡೆಡ್ ಸಪೋರ್ಟ್ ಬೇಕೋ ಬೇಡವೋ ಎಂದು ತಿಳಿಸುವ ಅವಕಾಶವೇನೋ ಇದೆ. ಆದರೆ ನಮೂನೆಯನ್ನು ತುಂಬುವ ಬದಲು ಆದೇಶವನ್ನು ಬರೆದು ಕಳಿಸಿ ಕ್ಲಸ್ಟರ್ ಸ್ಥಾಪಿಸುವವನು ಆ ವಿಷಯದಲ್ಲಿ ಏನನ್ನೂ ಹೇಳದೆ ಸುಮ್ಮನಿದ್ದರೆ ಬೇಕೆಂದೇ ಗ್ರಹಿಸಲಾಗುತ್ತದೆ. ಮೌನಂ ಸಮ್ಮತಿಲಕ್ಷಣಂ ಎಂದು ನಮ್ಮವರೂ ಹೇಳುತ್ತ ಬಂದಿದ್ದಾರೆ. ಕಂಪನಿಯ ಪಕ್ಷದಲ್ಲಿ ಹೇಳತಕ್ಕ ಮಾತೂ ಇದೆ. ಬೇಡವೆಂದು ಗ್ರಹಿಸಿದರೆ, ಅವಧಿ ಮುಗಿದ ಮೇಲೆ ಹಳೆಯ ಆವೃತ್ತಿಯನ್ನು ತಾನಾಗಿ ಹೊಸದಕ್ಕೆ ಏರಿಸಬೇಕಾಗುತ್ತದೆ, ಅದರ ಆಧಾರದ ಮೇಲೆ ನಿಂತ ವ್ಯವಹಾರ ಬೆಳಗಾಗುವುದರೊಳಗೆ ಮುರಿದುಬಿದ್ದೀತು. ಸುಮ್ಮನಿದ್ದವನನ್ನು ಮುಳುಗಿಸುವುದಕ್ಕಿಂತ ತೇಲಿಸಿ ಬಾಡಿಗೆ ಕೇಳುವುದು ದಯೆಯೇ ಸರಿ. ಆದರೂ ನನ್ನ ಆಕ್ಷೇಪ ಉಳಿದೇ ಉಳಿಯುತ್ತದೆ. ಯಾರೂ ಸಂಕಲ್ಪಮಾಡದೆ ದೊರೆತ ಆಯುಷ್ಯ ಯಾರ ಕರ್ಮಕ್ಕೂ ಸೇರುವುದಿಲ್ಲ. ಹಾಗಾದ ಮೇಲೆ ಅದರ ಫಲಕ್ಕೂ ಯಾರೂ ಹೊಣೆಗಾರರಾಗುವುದಿಲ್ಲ. ತಿಂಗಳ ಬಿಲ್ಲಿನ ಮೂಲೆಯಲ್ಲಿ ಒಂದು ಸಾಲಾಗಿ ಅದು ಬಂದು ಹೋಗುತ್ತಿರುತ್ತದೆ, ಮತ್ತು ಕ್ಲಸ್ಟರನ್ನು ಸ್ಥಾಪಿಸಿದವನು ಆ ಹೊತ್ತಿಗೆ ಬೇರೆ ಕೆಲಸಕ್ಕೆ ಹೋಗಿರುತ್ತಾನೆ.

ಹಳೆಯದನ್ನು ಬಿಡದಿರುವವರೆಲ್ಲ ಸೋಮಾರಿಗಳೆಂದು ಇದರಿಂದ ತಿಳಿಯಬಾರದು. 5.7ನೆಯ ಆವೃತ್ತಿಯಲ್ಲಿ ಒಂದು ಪದ್ಧತಿಯಿತ್ತು. ಲೆಕ್ಕಗಳನ್ನು ಗುಂಪುಗುಂಪಾಗಿ ಒಟ್ಟುಮಾಡಿ ಕೊಡೆಂದರೆ, ಅದು ಕೇಳದೆಯೇ ಅವುಗಳನ್ನು ಕ್ರಮವಾಗಿ ಜೋಡಿಸಿಯೂ ಕೊಡುತ್ತಿತ್ತು. ಹಾಗೆ ಜೋಡಿಸುವುದು ಅದರ ಕರ್ತವ್ಯವೆಂದು ನಂಬಿ ವರ್ಷಗಟ್ಟಲೆ ಜನ ಲೆಕ್ಕಪತ್ರಗಳ ಪ್ರೋಗ್ರಾಮುಗಳನ್ನು ಬರೆದರು. 8.0ನೆಯ ಆವೃತ್ತಿ ಬಂದಾಗ ಆ ಉಪಕಾರ ನಿಂತಿತು; ಕ್ರಮ ಬೇಕಾದರೆ ಬೇಕೆಂದು ಬಾಯಿಬಿಟ್ಟು ಕೇಳಬೇಕು. ದೋಷ ಹೊಸದರದೆನ್ನುವಂತಿಲ್ಲ, ಹಳೆಯದರದೂ ಅಲ್ಲ. ಕೇಳದೆ ದೊರೆತುದನ್ನು ಹಕ್ಕೆಂದು ಭಾವಿಸಿದ ನಮ್ಮದು. ಆದರೆ ಅಂಥ ಭಾವನೆಯ ಮೇಲೆ ಒಂದು ಸಂಸ್ಥೆಯ ಸಂಬಳದ ಪಟ್ಟಿ ನಿಂತಿರುವಾಗ, ಯಾವ ಮೂಲೆಯಲ್ಲಿ ಯಾವ ಸಾಲು ಆ ಮೌನೋಪಕಾರವನ್ನು ನೆಚ್ಚಿದೆಯೆಂದು ಹುಡುಕಿ ತಿದ್ದುವವರೆಗೆ ಹಳೆಯದನ್ನು ಕಾಪಾಡಿಕೊಳ್ಳುವುದು ಅನಿವಾರ್ಯವೂ ಹೌದು, ಧರ್ಮವೂ ಹೌದು. ಆ ಹುಡುಕಾಟ ನಡೆಯುತ್ತಿದೆಯೋ ಇಲ್ಲವೋ ಎಂಬುದೇ ಇಲ್ಲಿಯ ಒರೆಗಲ್ಲು.

ಇನ್ನೊಂದು ಸಂಗತಿಯನ್ನು ಮರೆಯಲಾಗದು. ಹಳೆಯದಕ್ಕೆ ದೊರೆಯುವ ಆಯುಷ್ಯ ಎಲ್ಲಿಂದಲೋ ಬರಬೇಕಷ್ಟೆ. ಯಯಾತಿಯ ಕಥೆಯಲ್ಲಿ ನಮ್ಮ ಗಮನವೆಲ್ಲ ಅವನ ಭೋಗಲಾಲಸೆಯ ಕಡೆಗೆ ಹರಿಯುತ್ತದೆ; ಆದರೆ ಆ ಸಾವಿರ ವರ್ಷಗಳ ಯೌವನ ಆಕಾಶದಿಂದ ಇಳಿದುದಲ್ಲ, ಮಗ ಪೂರುವಿನ ದೇಹದಿಂದ ತೆಗೆದುದು ಎಂಬುದು ನನಗೆ ಹೆಚ್ಚು ಮನನೀಯವಾದ ಅಂಶ. ನಾಲ್ವರು ಮಕ್ಕಳು ಒಲ್ಲೆವೆಂದರು, ಐದನೆಯವನು ಒಪ್ಪಿದ. ಇಲ್ಲಿಯೂ ಹಾಗೆಯೇ: ಹೊಸ ಆವೃತ್ತಿಯಲ್ಲಿ ಕಂಡುಹಿಡಿದ ಬಿರುಕಿಗೆ ಮದ್ದನ್ನು ಹಳೆಯ ಆವೃತ್ತಿಗೆ ಒಗ್ಗುವಂತೆ ಹಿಂದಕ್ಕೆ ಒಯ್ದು ಮತ್ತೆ ಹೊಂದಿಸುವ ಕೆಲಸವನ್ನು ಯಾರೋ ಕಂಪ್ಯೂಟರ್ ತಜ್ಞರು ಎಲ್ಲಿಯೋ ಕುಳಿತು ಮಾಡುತ್ತಿರುತ್ತಾರೆ. ಅವರ ಆ ಗಂಟೆಗಳು ಹೊಸದೊಂದನ್ನು ಕಟ್ಟಲು ಒದಗದೆ ಹೋದವು. ಯಯಾತಿಯ ಪಕ್ಷದಲ್ಲಿ ಹೇಳತಕ್ಕದ್ದೊಂದಿದೆ: ಅವನು ಕೇಳಿ ಪಡೆದ, ಅವಧಿ ಹೇಳಿ ಪಡೆದ, ಅವಧಿ ತುಂಬಿದಾಗ ಮರಳಿ ಕೊಟ್ಟು ರಾಜ್ಯವನ್ನೂ ಪೂರುವಿಗೇ ಒಪ್ಪಿಸಿದ. ಅವನನ್ನು ಹಳಿಯುವ ನಮಗೆ ಅಷ್ಟು ಮಾಡಲಾದೀತೆ?

ಹಳೆಯದನ್ನು ಬಿಡದಿರುವುದಕ್ಕೆ ವಿರುದ್ಧವಾದ ದೋಷವೂ ಉಂಟು. ಅದರ ಚಿತ್ರವೊಂದು ಹುಟ್ಟಿದುದು ಕಾರವಾರದ ಕಡಲತೀರದಲ್ಲಿಯೇ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು 1883ರಲ್ಲಿ ಇಲ್ಲಿ 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಬರೆದರು. ಇಂದು ಆ ತೀರಕ್ಕೆ ಅವರ ಹೆಸರೇ ಇದೆ. ಲೋಕದ ಬಂಧನಗಳನ್ನೆಲ್ಲ ಕಡಿದು ಪ್ರಕೃತಿಯನ್ನು ಗೆದ್ದೆನೆಂದು ಬೀಗುವ ಸಂನ್ಯಾಸಿಯೊಬ್ಬ, ತನ್ನನ್ನು ನೆಚ್ಚಿಕೊಂಡ ಅನಾಥ ಬಾಲಿಕೆಯ ಮೇಲೆ ಮಮತೆ ಮೂಡುವುದನ್ನು ಕಂಡು ಹೆದರಿ, ಅವಳನ್ನು ತೊರೆದು ಹೋಗುತ್ತಾನೆ. ತಪ್ಪರಿತು ಮರಳುವ ಹೊತ್ತಿಗೆ ಬಾಲಿಕೆ ಬದುಕಿಲ್ಲ. ಹಳತೆಂದೊಡನೆ ಕಿತ್ತೆಸೆಯತಕ್ಕದ್ದೆಂಬ ವೀರವೈರಾಗ್ಯ ಕಂಪ್ಯೂಟರಿನ ಜನರಲ್ಲಿ ವಿರಳವಲ್ಲ. ಬೆಂಗಳೂರಿನ ಸಭೆಯೊಂದರಲ್ಲಿ ಕುಳಿತು ನಾಳೆಯಿಂದ ಹಳೆಯ ಆವೃತ್ತಿ ಬಂದ್ ಎನ್ನುವುದು ಸುಲಭ. ಅದರ ಮಡಿಲಲ್ಲಿ ಯಾವ ಊರಿನ ಯಾರ ಪಿಂಚಣಿಯ ದಾಖಲೆಯಿದೆಯೆಂದು ಅರಿಯದೆ ಹಾಗೆನ್ನುವವನು ಆ ಸಂನ್ಯಾಸಿಯ ವಂಶದವನು. ತ್ಯಾಗಕ್ಕೂ ಸಂಕಲ್ಪ ಬೇಕು. ಬಿಡುವವನು ತಾನು ಬಿಡುತ್ತಿರುವುದರ ಆಶ್ರಯದಲ್ಲಿರುವವರನ್ನು ಎಣಿಸಿ ಬಿಡಬೇಕು.

ಆಗಮಶಾಸ್ತ್ರದ ಜೀರ್ಣೋದ್ಧಾರವಿಧಿ ಈ ಎರಡು ಅತಿಗಳ ನಡುವಿನ ದಾರಿಯನ್ನು ಬಲ್ಲುದು. ಗರ್ಭಗುಡಿ ಶಿಥಿಲವಾಯಿತೆಂದು, ಬಿಂಬ ಭಿನ್ನವಾಯಿತೆಂದು ಪೂಜೆಯನ್ನು ನಿಲ್ಲಿಸುವಂತಿಲ್ಲ. ಶಿಥಿಲವಾದುದರಲ್ಲಿಯೇ ಕಣ್ಣುಮುಚ್ಚಿ ನಡೆಯಿಸುವಂತೆಯೂ ಇಲ್ಲ. ಮುಹೂರ್ತ ನೋಡಿ ಕಲಾಸಂಕೋಚ ಮಾಡುತ್ತಾರೆ. ಬಿಂಬದಲ್ಲಿದ್ದ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿ, ಬಾಲಾಲಯವೆಂಬ ಚಿಕ್ಕ ಗುಡಿಯಲ್ಲಿ ನೆಲೆಗೊಳಿಸುತ್ತಾರೆ. ಹೊಸ ಗುಡಿ ಎದ್ದ ಮೇಲೆ ಪುನಃಪ್ರತಿಷ್ಠೆ, ಬ್ರಹ್ಮಕಲಶ. ಭಿನ್ನವಾದ ಹಳೆಯ ಬಿಂಬವನ್ನು ಗುಡಿಯ ಹಿಂದೆ ಎಸೆದು ಹೋಗುವುದಿಲ್ಲ. ಅದಕ್ಕೂ ವಿಧಿಯಂತೆ ಜಲದಲ್ಲಿ ವಿಸರ್ಜನೆಯಾಗಬೇಕು. ನಮ್ಮ ತರುಣನಿಗೆ ಇದನ್ನು ವಿವರಿಸಿದಾಗ ಅವನು ನಕ್ಕು, "ಇದು ನಮ್ಮ ಬ್ಲೂ-ಗ್ರೀನೇ ಅಲ್ದಾ, ಮಾಸ್ತರೆ?" ಎಂದ. ನೀಲಿಯೆಂದರೆ ನಡೆಯುತ್ತಿರುವ ಕ್ಲಸ್ಟರು. ಅದರ ಪಕ್ಕದಲ್ಲಿ ಹಸುರೆಂಬ ಹೊಸ ಆವೃತ್ತಿಯ ಕ್ಲಸ್ಟರೊಂದನ್ನು ನಿಲ್ಲಿಸಿ, ಹಳೆಯದರಲ್ಲಿ ಬರೆದುದೆಲ್ಲ ಹೊಸದಕ್ಕೂ ಹರಿಯುವಂತೆ ಮಾಡಿ, ಅದನ್ನು ಚೆನ್ನಾಗಿ ಪರೀಕ್ಷಿಸಿ, ನಿಶ್ಚಿತ ವೇಳೆಯಲ್ಲಿ ವ್ಯವಹಾರವನ್ನೆಲ್ಲ ಅದರ ಕಡೆಗೆ ತಿರುಗಿಸುತ್ತಾರೆ. ತಿರುಗಿಸುವ ಕ್ರಿಯೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಅದಕ್ಕೆ ಮುಂಚಿನ ಸಿದ್ಧತೆಗೆ ತಿಂಗಳುಗಳೇ ಹಿಡಿದಾವು. ಹಳೆಯ ಕ್ಲಸ್ಟರು ತಾನಾಗಿ ಅಳಿಯುವುದಿಲ್ಲ. ಹೆಸರಿನ ಕೊನೆಗೆ ಹಳತೆಂಬ ಚಿಹ್ನೆಯೊಂದನ್ನು ಅಂಟಿಸಿಕೊಂಡು ನಿಂತಿರುತ್ತದೆ, ಅದರ ಬಾಡಿಗೆಯೂ ಓಡುತ್ತಿರುತ್ತದೆ. ಕಡೆಯ ಸ್ನ್ಯಾಪ್‌ಷಾಟೊಂದನ್ನು ತೆಗೆದಿಟ್ಟು ಅದನ್ನು ವಿಸರ್ಜಿಸತಕ್ಕವನು ಮನುಷ್ಯನೇ. ಬಹುಮಂದಿ ಬ್ರಹ್ಮಕಲಶದ ಊಟ ಮುಗಿಸಿ ಈ ವಿಸರ್ಜನೆಯನ್ನು ಮರೆತು ಮನೆಗೆ ಹೋಗುತ್ತಾರೆಂದು ಅವನು ಹೇಳಿದ.

ಪ್ರಾಸಂಗಿಕವಾಗಿ ಒಂದು ಮಾತು. ಠಾಕೂರರ ಹೆಸರಿನ ಅದೇ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆ ನೆಲದ ಮೇಲೆ ನಿಂತಿದೆ; 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತಿ ಹೊಂದಿ ಈಗ ವಸ್ತುಸಂಗ್ರಹಾಲಯವಾಗಿರುವ ಅದರೊಳಗೆ ಮಕ್ಕಳು ಹತ್ತಿಳಿಯುತ್ತಾರೆ. ಸ್ವಲ್ಪ ದಕ್ಷಿಣಕ್ಕಿರುವ ನೌಕಾನೆಲೆಯಲ್ಲಿ ವಿಕ್ರಮಾದಿತ್ಯವಿದೆ. 1987ರಲ್ಲಿ ಸೋವಿಯತ್ ನೌಕಾದಳಕ್ಕೆ ಸೇರಿದ್ದ ಆ ಹಡಗನ್ನು ವರ್ಷಾನುಗಟ್ಟಲೆ ಬಿಚ್ಚಿ ಕಟ್ಟಿ 2013ರಲ್ಲಿ ನಮ್ಮ ನೌಕಾದಳ ಸೇವೆಗೆ ಸೇರಿಸಿಕೊಂಡಿತು. ಒಂದರ ಭಾರವನ್ನು ಇಳಿಸಿದರು, ಇನ್ನೊಂದನ್ನು ಭಾರ ಹೊರುವಂತೆ ಮರಳಿ ನಿರ್ಮಿಸಿದರು. ಎರಡೂ ಕಡೆ ಯಾರೋ ಒಬ್ಬರು ದಿನವನ್ನು ಗೊತ್ತುಮಾಡಿ ಕಾಗದದ ಮೇಲೆ ರುಜು ಹಾಕಿದ್ದಾರೆ.

ಕ್ಲಸ್ಟರುಗಳನ್ನು ಸ್ಥಾಪಿಸುವ ತರುಣತರುಣಿಯರು ಈಗ ಅಂಕೋಲೆ ಕಾರವಾರಗಳಲ್ಲಿಯೂ ಇದ್ದಾರೆ. ಅವರಲ್ಲಿ ನನ್ನದೊಂದು ವಿಜ್ಞಾಪನೆ. ಅವಧಿ ಮೀರಿದ ಆವೃತ್ತಿಗೆ ಆಯುಷ್ಯವನ್ನು ಕೊಳ್ಳಬೇಕಾದರೆ ಧಾರಾಳವಾಗಿ ಕೊಳ್ಳಿರಿ. ಅದರಲ್ಲಿ ಲಜ್ಜೆಪಡತಕ್ಕದ್ದೇನೂ ಇಲ್ಲ. ಆದರೆ ಬೇಕೆಂದಾಗಲಿ ಬೇಡವೆಂದಾಗಲಿ ನಿಮ್ಮ ಬಾಯಿಂದಲೇ ಹೇಳಿರಿ, ಆ ಪ್ರಶ್ನೆಯನ್ನು ಖಾಲಿ ಬಿಡಬೇಡಿರಿ. ಕ್ಲಸ್ಟರಿನ ಕಡತದ ಮೊದಲನೆಯ ಪುಟದಲ್ಲಿ, ಅದನ್ನು ಎಂದು ಬದಲಿಸತಕ್ಕದ್ದು, ಬದಲಿಸುವ ಹೊಣೆ ಯಾರದು, ಹಳೆಯದನ್ನು ವಿಸರ್ಜಿಸತಕ್ಕವರಾರು ಎಂಬ ಮೂರನ್ನು ದಿನಾಂಕಸಹಿತ ಬರೆದು ನಿಮ್ಮ ಹೆಸರನ್ನು ಹಾಕಿರಿ. ನೀವು ಬೇರೆ ಕೆಲಸಕ್ಕೆ ಹೋಗುವ ದಿನ ಆ ಪುಟವನ್ನು ಮುಂದಿನವರ ಕೈಗೆ ಕೊಟ್ಟು, ಅವರ ಹೆಸರನ್ನು ಬರೆಯಿಸಿಕೊಂಡು ಹೋಗಿರಿ.